ರೆಕ್ಕೆ ಬಿಚ್ಚಿದ ಹಕ್ಕಿಗೆ ಎಂಥ ಲೆನ್ಸು?

ಹಕ್ಕಿಗಳ ಫೋಟೊ ತೆಗೆಯಲು ಹೊರಡುವವರು ಮೊದಲು ಕೇಳುವ ಪ್ರಶ್ನೆ, 'ಎಷ್ಟು ಎಂ.ಎಂ. ಲೆನ್ಸ್ ತಗೊಳ್ಳಲಿ?' ಎಂಬುದು. ಕೊಂಬೆಯ ಮೇಲೆ ಕೂತ ಹಕ್ಕಿಗಾದರೆ ಅದು ಸರಿಯಾದ ಪ್ರಶ್ನೆಯೇ. ಹಾರುವ ಹಕ್ಕಿಯ ಲೆಕ್ಕ ಬೇರೆ. ಆ ಲೆನ್ಸನ್ನು ಎಷ್ಟು ಹೊತ್ತು ಎತ್ತಿ ಹಿಡಿಯಬಲ್ಲಿರಿ, ಎಷ್ಟು ಬೇಗ ಹಕ್ಕಿಯತ್ತ ತಿರುಗಿಸಬಲ್ಲಿರಿ, ಹಕ್ಕಿ ದಿಕ್ಕು ಬದಲಿಸಿದಾಗ ಕ್ಯಾಮೆರಾ ಅದನ್ನು ಬಿಡದೆ ಹಿಡಿದಿಡುತ್ತದೆಯೇ ಎಂಬುದರ ಮೇಲೆ ಚಿತ್ರ ನಿಂತಿದೆ. ಸಾಲ ಮಾಡಿ ದೊಡ್ಡ ಲೆನ್ಸ್ ಕೊಂಡು, ಆರು ತಿಂಗಳಲ್ಲಿ ಅದನ್ನು ಬೀರುವಿನೊಳಗೆ ಇಟ್ಟುಬಿಟ್ಟ ಹಲವರನ್ನು ನೋಡಿದ್ದೇನೆ. ಹಾಗಾಗಬಾರದೆಂದು ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಮೊದಲು ಹಕ್ಕಿ, ಆಮೇಲೆ ಲೆನ್ಸು

ನೀವು ಹೆಚ್ಚಾಗಿ ಹೋಗುವ ಜಾಗ ಯಾವುದು, ಅಲ್ಲಿ ಹಾರುವ ಹಕ್ಕಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತರೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ತಲೆಯ ಮೇಲೆಯೇ ಹಾದುಹೋಗುತ್ತವೆ. ಒಂದು ಸಣ್ಣ ಲೆಕ್ಕ ಹಾಕೋಣ. ಫುಲ್ ಫ್ರೇಮ್ ಕ್ಯಾಮೆರಾಗೆ 600 ಎಂ.ಎಂ. ಲೆನ್ಸ್ ಹಾಕಿದರೆ 30 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲಕ್ಕೆ ಸಿಗುವುದು 1.8 ಮೀಟರ್ ಮಾತ್ರ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ 2 ಮೀಟರ್ ದಾಟುತ್ತದೆ. ಅಂದರೆ ಎರಡೂ ರೆಕ್ಕೆಯ ತುದಿ ಕತ್ತರಿಸಿ ಹೋಗುತ್ತದೆ. ಅದೇ ದೂರಕ್ಕೆ 400 ಎಂ.ಎಂ. ಹಾಕಿದರೆ 2.7 ಮೀಟರ್ ಸಿಗುತ್ತದೆ, ಹಕ್ಕಿಯ ಸುತ್ತ ಉಸಿರಾಡಲು ಜಾಗವೂ ಉಳಿಯುತ್ತದೆ. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇದ್ದವರಿಗೆ ಅಲ್ಲಿ 300 ಎಂ.ಎಂ. ಸಾಕು.

ಗದಗ ಜಿಲ್ಲೆಯ ಮಾಗಡಿ ಕೆರೆಯ ಕಥೆ ಬೇರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುವಾಗ ದಡದಿಂದ ದೂರವೇ ಇರುತ್ತವೆ. ಅಲ್ಲಿ 500, 600 ಬೇಕೇ ಬೇಕು. ಹಾಗಾಗಿ ಒಂದೇ ಲೆನ್ಸ್ ಕೊಳ್ಳುವುದಾದರೆ ನನ್ನ ಮತ ಜೂಮ್ ಲೆನ್ಸಿಗೆ. 200ರಿಂದ 600ರವರೆಗೆ ಹೋಗುವ ಸೋನಿ, 180ರಿಂದ 600ರ ನಿಕಾನ್, 100ರಿಂದ 500ರ ಕ್ಯಾನನ್, 150ರಿಂದ 600ರ ಸಿಗ್ಮಾ, ಟ್ಯಾಮ್ರಾನ್ ಯಾವುದಾದರೂ ಸರಿ. ಜೂಮ್ ಇದ್ದರೆ ಇನ್ನೊಂದು ಲಾಭವಿದೆ: ಹಕ್ಕಿಯನ್ನು 200ರಲ್ಲಿ ಹುಡುಕಿ, ಚೌಕಟ್ಟಿಗೆ ಸಿಕ್ಕಮೇಲೆ 500ಕ್ಕೆ ಎಳೆಯಬಹುದು. ಬರಿಯ ಆಕಾಶದಲ್ಲಿ 600 ಎಂ.ಎಂ. ಹಿಡಿದು ಹಕ್ಕಿಯನ್ನು ಹುಡುಕಿ ನೋಡಿ, ಈ ಮಾತಿನ ಬೆಲೆ ತಿಳಿಯುತ್ತದೆ.

2. ತೂಕವನ್ನು ಅಂಗಡಿಯಲ್ಲೇ ಎತ್ತಿ ನೋಡಿ

ಕ್ಯಾನನ್‌ನ ಹಳೆಯ 400 ಎಂ.ಎಂ. ಎಫ್/5.6 ಲೆನ್ಸಿನ ತೂಕ 1.25 ಕೆ.ಜಿ. ಅದರಲ್ಲಿ ಕಂಪನ ತಡೆಯುವ ವ್ಯವಸ್ಥೆಯೇ ಇಲ್ಲ. ಆದರೂ ಹಾರುವ ಹಕ್ಕಿಯ ಫೋಟೊಗ್ರಾಫರುಗಳು ವರ್ಷಗಟ್ಟಲೆ ಅದನ್ನು ಬಿಟ್ಟುಕೊಡಲಿಲ್ಲ. ಕಾರಣ ಸರಳ, ಅದು ಹಗುರ ಮತ್ತು ಚುರುಕು. ನಿಕಾನ್‌ನ 200-500 ಒಳ್ಳೆಯ ಲೆನ್ಸೇ, ಆದರೆ ಕಾಲರ್ ಸೇರಿ 2.3 ಕೆ.ಜಿ. ತೂಗುತ್ತದೆ. ಅದೇ ಕಂಪನಿ 2018ರಲ್ಲಿ ತಂದ 500 ಎಂ.ಎಂ. ಪಿಎಫ್ ಲೆನ್ಸ್ ಒಂದೂವರೆ ಕೆ.ಜಿ.ಯ ಒಳಗೇ ಇದೆ, ಬೆಲೆ ಮಾತ್ರ ಹೆಚ್ಚು.

ಅಂಗಡಿಯಲ್ಲಿ ಲೆನ್ಸನ್ನು ಕ್ಯಾಮೆರಾಗೆ ಹಾಕಿಸಿ, ಕಣ್ಣಿಗೆ ಹಿಡಿದು, ಎರಡು ನಿಮಿಷ ಹಾಗೆಯೇ ನಿಲ್ಲಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಎಡದಿಂದ ಬಲಕ್ಕೆ ಸೊಂಟದಿಂದ ತಿರುಗಿ. ತೋಳು ನಡುಗಿದರೆ ಆ ಲೆನ್ಸ್ ನಿಮಗಲ್ಲ. ಮಾರುವವರು 'ಟ್ರೈಪಾಡ್ ಹಾಕಿಕೊಳ್ಳಿ ಸಾರ್' ಎನ್ನುತ್ತಾರೆ. ಕೆರೆಯ ದಡದಲ್ಲಿ ಗಿಂಬಲ್ ಹೆಡ್ ಹಾಕಿದ ಟ್ರೈಪಾಡ್ ಉಪಯೋಗಕ್ಕೆ ಬರುವುದು ನಿಜ. ಅಲುಗಾಡುವ ದೋಣಿಯಲ್ಲಿ, ಸಫಾರಿ ಜೀಪಿನಲ್ಲಿ, ತಲೆಯ ಮೇಲೆ ಸುತ್ತುವ ಗರುಡನಿಗೆ ಅದರಿಂದ ಪ್ರಯೋಜನವಿಲ್ಲ. ಜೀಪಿಗಾದರೆ ಬೀನ್ ಬ್ಯಾಗ್ ಒಯ್ಯಿರಿ, ಹೋದ ಊರಿನಲ್ಲಿ ಅಕ್ಕಿ ತುಂಬಿಸಿಕೊಂಡರೆ ಆಯಿತು.

3. ಮೆಗಾಪಿಕ್ಸೆಲ್ ನೋಡಬೇಡಿ, ಫೋಕಸ್ ನೋಡಿ

ಬೇಸಿಗೆಯ ಹೊತ್ತಿಗೆ ರಂಗನತಿಟ್ಟಿನ ಬಂಡೆಗಳ ಮೇಲೆ ನದಿ ರೀವಗಳು, ಅಂದರೆ ರಿವರ್ ಟರ್ನ್‌ಗಳು ಮೊಟ್ಟೆಯಿಡುತ್ತವೆ. ಮೀನು ಹಿಡಿಯುವ ರೀವವನ್ನು ಗಮನಿಸಿ. ಕಪ್ಪು ಟೋಪಿಯ ತಲೆಯನ್ನು ಕೆಳಗೆ ಬಾಗಿಸಿ, ಹಳದಿ ಕೊಕ್ಕನ್ನು ನೀರಿನತ್ತ ಚಾಚಿ ನಿಧಾನಕ್ಕೆ ಹಾರುತ್ತಿರುತ್ತದೆ. ಮೀನು ಕಂಡ ಕೂಡಲೇ ಗಾಳಿಯಲ್ಲಿ ಅರೆಕ್ಷಣ ತಡೆದು, ರೆಕ್ಕೆ ಮಡಿಸಿ ನೇರ ನೀರಿಗೆ ಬೀಳುತ್ತದೆ. ಮೇಲೆದ್ದಾಗ ಒಮ್ಮೆ ಮೈ ಕೊಡವುತ್ತದೆ. ಆ ಬೀಳುವಿಕೆಯ ಅಷ್ಟು ಚಿಕ್ಕ ಹೊತ್ತಿನಲ್ಲಿ ಫೋಕಸ್ ಹಕ್ಕಿಯನ್ನು ಬಿಟ್ಟು ಹಿಂದಿನ ನೀರಿನ ಹೊಳಪಿಗೋ ಮರಗಳಿಗೋ ಜಾರಿದರೆ ಕಥೆ ಮುಗಿಯಿತು. 20 ಮೆಗಾಪಿಕ್ಸೆಲ್ ಇದ್ದರೇನು, 45 ಇದ್ದರೇನು?

ಕ್ಯಾನನ್ 7ಡಿ ಮಾರ್ಕ್ 2 ಬಂದದ್ದು 2014ರಲ್ಲಿ, ನಿಕಾನ್ ಡಿ500 2016ರಲ್ಲಿ. ಎರಡೂ 20 ಮೆಗಾಪಿಕ್ಸೆಲ್‌ನ ಆಸುಪಾಸಿನವು. ಹಾರುವ ಹಕ್ಕಿಗೆ ಅವು ಇಂದಿಗೂ ನಂಬಿಕಸ್ತ ಕ್ಯಾಮೆರಾಗಳು, ಏಕೆಂದರೆ ಅವುಗಳ ಫೋಕಸ್ ವ್ಯವಸ್ಥೆಯನ್ನು ವೇಗಕ್ಕೆಂದೇ ಮಾಡಿದ್ದರು. ಲೆನ್ಸಿನ ಬದಿಯಲ್ಲಿ ಫೋಕಸ್ ಲಿಮಿಟರ್ ಸ್ವಿಚ್ ಇದೆಯೇ ನೋಡಿ. ಅದನ್ನು ದೂರದ ಕಡೆಗೆ ಇಟ್ಟರೆ ಲೆನ್ಸ್ ಹತ್ತಿರದ ದೂರಗಳನ್ನೆಲ್ಲ ತಡಕಾಡುತ್ತ ಕೂರುವುದಿಲ್ಲ. ಕೊಳ್ಳುವಾಗ ಯಾರೂ ಕೇಳದ ಈ ಪುಟ್ಟ ಸ್ವಿಚ್ಚು ನನಗೆ ಕೊಡಿಸಿರುವ ಚಿತ್ರಗಳು ಬಹಳ.

4. ಮಿರರ್‌ಲೆಸ್‌ಗೆ ಹೋಗುವುದಾದರೆ ಸೆನ್ಸರಿನ ಓದುವ ವೇಗ ವಿಚಾರಿಸಿ

ಡಿಎಸ್ಎಲ್ಆರ್‌ನಲ್ಲಿ ಪ್ರತಿ ಕ್ಲಿಕ್ಕಿಗೂ ಕನ್ನಡಿ ಮೇಲೆದ್ದು ಹಕ್ಕಿ ಕಣ್ಣಿಂದ ಮರೆಯಾಗುತ್ತದೆ. 2017ರ ಸೋನಿ ಎ9 ಆ ಕತ್ತಲನ್ನು ಇಲ್ಲವಾಗಿಸಿತು, ಸೆಕೆಂಡಿಗೆ 20 ಚಿತ್ರ ತೆಗೆಯುವಾಗಲೂ ಹಕ್ಕಿ ಕಾಣುತ್ತಲೇ ಇರುತ್ತದೆ. ಅದಾದ ಮೇಲೆ ಹಕ್ಕಿಯ ಕಣ್ಣನ್ನೇ ಗುರುತಿಸಿ ಹಿಡಿಯುವ ಕ್ಯಾಮೆರಾಗಳು ಬಂದವು. ಇದು ನಿಜವಾದ ಬದಲಾವಣೆ, ಹೊಸಬರಿಗೆ ದೊಡ್ಡ ಆಸರೆ.

ಆದರೆ ಜಾಹೀರಾತಿನಲ್ಲಿ ಕಾಣುವ 'ಸೆಕೆಂಡಿಗೆ 30 ಚಿತ್ರ'ಕ್ಕೆ ಮರುಳಾಗಬೇಡಿ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಸೆನ್ಸರ್ ಸಾಲುಸಾಲಾಗಿ, ನಿಧಾನವಾಗಿ ಚಿತ್ರವನ್ನು ಓದುತ್ತದೆ. ಮೊದಲ ಸಾಲು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಸರಿದಿರುತ್ತದೆ, ಕಳ್ಳಿಪೀರದ ರೆಕ್ಕೆ ರಬ್ಬರಿನಂತೆ ಬಾಗಿ ಮೂಡುತ್ತದೆ. ಅಂಥ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಿ. ನಿಕಾನ್ ಝಡ್8, ಝಡ್9ಗಳಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಅವುಗಳ ಸೆನ್ಸರ್ ಅಷ್ಟು ಬೇಗ ಓದುತ್ತದೆ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದರದ್ದೇ.

5. ಟೆಲಿಕನ್ವರ್ಟರ್ ಸದ್ಯಕ್ಕೆ ಬೇಡ

1.4 ಪಟ್ಟಿನದು ಅರ್ಧ ಬೆಳಕನ್ನು ತಿನ್ನುತ್ತದೆ. ಎಫ್/6.3ರ ಲೆನ್ಸ್ ಎಫ್/9 ಆಗುತ್ತದೆ, ಫೋಕಸ್ ತಡವಾಗುತ್ತದೆ. ಹೆಜ್ಜಾರ್ಲೆಗೆ ಸೆಕೆಂಡಿನ 1/1250 ಸಾಕಾಗಬಹುದು, ರೀವಕ್ಕೆ 1/2500, ಕಳ್ಳಿಪೀರಕ್ಕೆ 1/3200ಕ್ಕೂ ಮೇಲೆ ಬೇಕು. ಮುಂಜಾನೆಯ ಬೆಳಕಿನಲ್ಲಿ ಆ ವೇಗಗಳಿಗೆ ನಿಮ್ಮ ಹತ್ತಿರ ಇರುವ ಬೆಳಕೇ ಸಾಲುವುದಿಲ್ಲ. ದಾಂಡೇಲಿಯ ಕಾಡಿನಲ್ಲಿ ದೊಡ್ಡ ಮಂಗಟ್ಟೆಯ ರೆಕ್ಕೆಯ ಸದ್ದು ಮೊದಲೇ ಕೇಳಿ ಕ್ಯಾಮೆರಾ ಎತ್ತಲು ಸಮಯವೇನೋ ಸಿಗುತ್ತದೆ, ಆದರೆ ಆ ಮಬ್ಬಿನಲ್ಲಿ ಎಫ್/9 ಇಟ್ಟುಕೊಂಡು ಏನೂ ಮಾಡಲಾಗದು.

6. ಕಾರ್ಡಿಗೆ ಜಿಪುಣತನ ಬೇಡ

ಕ್ಯಾಮೆರಾ ಎಷ್ಟೇ ವೇಗದ್ದಿರಲಿ, ಕಾರ್ಡ್ ನಿಧಾನವಾದರೆ ಬಫರ್ ತುಂಬಿ ಅದು ನಿಂತುಬಿಡುತ್ತದೆ. ನಿಮ್ಮ ಕ್ಯಾಮೆರಾ ಒಪ್ಪುವ ಅತಿ ವೇಗದ ಕಾರ್ಡ್ ಒಂದನ್ನಾದರೂ ಕೊಳ್ಳಿ. ಮಿರರ್‌ಲೆಸ್ ಆದರೆ ಇನ್ನೊಂದು ಬ್ಯಾಟರಿಯೂ ಜೇಬಿನಲ್ಲಿರಲಿ.

7. ಸೆಕೆಂಡ್ ಹ್ಯಾಂಡ್ ಕೊಳ್ಳಿ, ಟಾರ್ಚ್ ಹಿಡಿದು ಕೊಳ್ಳಿ

ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವ ಕಾರಣ ಒಳ್ಳೆಯ ಡಿಎಸ್ಎಲ್ಆರ್ ಲೆನ್ಸುಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತಿವೆ. ವಿದ್ಯಾರ್ಥಿಗಳಿಗೆ, ಸಣ್ಣ ಸಂಬಳದವರಿಗೆ ಇದಕ್ಕಿಂತ ಒಳ್ಳೆಯ ಕಾಲ ಬಂದಿಲ್ಲ. ಲೆನ್ಸಿನ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಮಲೆನಾಡು, ಕರಾವಳಿಯಲ್ಲಿದ್ದ ಲೆನ್ಸಾದರೆ ಎರಡು ಸಲ ನೋಡಿ. ನೀವೂ ಅಲ್ಲಿಯವರೇ ಆದರೆ ಲೆನ್ಸಿನ ಜತೆಗೇ ಡ್ರೈ ಕ್ಯಾಬಿನೆಟ್ ದುಡ್ಡನ್ನೂ ಲೆಕ್ಕ ಹಾಕಿಡಿ. ಆಗದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಸಾಕು. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು.

ಕೊಳ್ಳುವ ಮೊದಲು ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡುವುದು ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ.

8. ಗಾಳಿ ನಿಮ್ಮ ಬೆನ್ನಿಗಿರಲಿ

ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಬೆಳಗಿನ ಬಿಸಿಲು, ಗಾಳಿ ಎರಡೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ಬೆಳಗಿದ ಮುಖ ತೋರಿಸುತ್ತ ನಿಮ್ಮತ್ತಲೇ ಬರುತ್ತದೆ. ಗೂಡಿಗೆ ಕಡ್ಡಿ ಒಯ್ಯುವ ಬಣ್ಣದ ಕೊಕ್ಕರೆ ಮತ್ತೆ ಮತ್ತೆ ಅದೇ ದಾರಿ ಹಿಡಿಯುತ್ತದೆ. ಕಳ್ಳಿಪೀರ ಕೀಟ ಹಿಡಿದು ಅದೇ ಕೊಂಬೆಗೆ ವಾಪಸಾಗುತ್ತದೆ. ಇಷ್ಟನ್ನು ತಿಳಿದವರಿಗೆ 400 ಎಂ.ಎಂ. ಕೂಡ ಬಹಳ ದೂರ ಹೋಗುತ್ತದೆ.

ಲೆನ್ಸ್ ಚಿಕ್ಕದಾಯಿತೆಂದು ಅನ್ನಿಸಿದಾಗ ಮಾಡಬಾರದ ಕೆಲಸವೊಂದಿದೆ. ಹಾರಲೆಂದು ಹಕ್ಕಿಯನ್ನು ಎಬ್ಬಿಸುವುದು, ಕಲ್ಲು ಎಸೆಯುವುದು, ಚಪ್ಪಾಳೆ ತಟ್ಟುವುದು ಬೇಡ. ಬೇಸಿಗೆಯ ಮಧ್ಯಾಹ್ನ ತಾಯಿ ರೀವ ಎದ್ದುಹೋದರೆ ಬಂಡೆಯ ಮೇಲಿನ ಮೊಟ್ಟೆ ಬಿಸಿಲಿಗೆ ಕೆಟ್ಟುಹೋಗುತ್ತದೆ. ದಯವಿಟ್ಟು ದೋಣಿಯವರನ್ನು 'ಇನ್ನೂ ಹತ್ತಿರ ಹೋಗೋಣ ಅಣ್ಣಾ' ಎಂದು ಒತ್ತಾಯಿಸಬೇಡಿ. ಸಿಕ್ಕಷ್ಟನ್ನು ತೆಗೆದು, ಮನೆಗೆ ಬಂದು ಕ್ರಾಪ್ ಮಾಡಿಕೊಳ್ಳಿ.