ಗಾಯಾಳುವಿನ ಚಿಕಿತ್ಸೆಯಲ್ಲಿ ಅನುಕ್ರಮ

ಹೆದ್ದಾರಿಯಲ್ಲಿ ಮೋಟಾರು ಸೈಕಲಿನಿಂದ ಎಸೆಯಲ್ಪಟ್ಟ ತರುಣನೊಬ್ಬನನ್ನು ಆಸ್ಪತ್ರೆಗೆ ತಂದಿದ್ದಾರೆಂದು ಭಾವಿಸೋಣ. ತೊಡೆಯ ಮೂಳೆ ಮುರಿದು ಕಾಲು ಸೊಟ್ಟಗಾಗಿದೆ. ಕಂಡವರ ದೃಷ್ಟಿಯೆಲ್ಲ ಅದರ ಮೇಲೆಯೇ. ಆದರೆ ಪಳಗಿದ ವೈದ್ಯನು ಮೊದಲು ರೋಗಿಯ ಹೆಸರನ್ನು ಕೇಳುತ್ತಾನೆ, ಎದೆಯ ಏರಿಳಿತವನ್ನು ನೋಡುತ್ತಾನೆ. ಇದು ಉದಾಸೀನವಲ್ಲ. ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಬಲ್ಲವನ ಶ್ವಾಸಮಾರ್ಗವು ಸದ್ಯಕ್ಕೆ ತೆರೆದಿದೆ, ಅವನ ಮಿದುಳಿಗೆ ರಕ್ತವು ತಲಪುತ್ತಿದೆ ಎಂಬೆರಡು ಸಂಗತಿಗಳು ಆ ಒಂದು ಉತ್ತರದಿಂದಲೇ ತಿಳಿದುಬರುತ್ತವೆ.

ನಾವು ಭೌತಶಾಸ್ತ್ರವನ್ನು ಬೋಧಿಸತಕ್ಕವರು, ವೈದ್ಯರಲ್ಲ. ಆದರೂ ಈ ಚಿಕಿತ್ಸೆಯ ಕ್ರಮದಲ್ಲಿ ನಮ್ಮ ಶಾಸ್ತ್ರದ ಪರಿಚಿತ ನಿಯಮಗಳೇ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಈ ವೇಗವನ್ನು ಪಡೆಯಬೇಕಾದರೆ ಒಂದು ಕಲ್ಲು ಸುಮಾರು 14 ಮೀಟರ್ ಎತ್ತರದಿಂದ ಬೀಳಬೇಕು. ಎಂದರೆ ನಾಲ್ಕು ಮಹಡಿಗಳಿಗೂ ಮೀರಿದ ಎತ್ತರ. ವಾಹನವು ಗಕ್ಕನೆ ನಿಂತಾಗ ಆ ಚಲನಶಕ್ತಿಯು ಎಲ್ಲಿಗಾದರೂ ಹೋಗಲೇಬೇಕಷ್ಟೆ. ಅದು ಪಕ್ಕೆಲುಬು, ಗುಲ್ಮ, ಯಕೃತ್ತುಗಳಲ್ಲಿ ವ್ಯಯವಾಗಿದ್ದರೆ ಹೊರಗೆ ಒಂದು ತರಚು ಗಾಯವೂ ಕಾಣದಿರಬಹುದು. ಆದುದರಿಂದಲೇ ಕರೆತಂದವರನ್ನು ವೈದ್ಯರು ‘ವಾಹನವು ಎಷ್ಟು ವೇಗದಲ್ಲಿತ್ತು? ಶಿರಸ್ತ್ರಾಣವಿತ್ತೆ?’ ಎಂದು ವಿಚಾರಿಸುವುದು.

ಈಗ ಎಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಲಿಸಲಾಗುತ್ತಿರುವ ಕ್ರಮವು ಒಂದು ದುರಂತದಿಂದ ಹುಟ್ಟಿತು. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆತಜ್ಞ ಜೇಮ್ಸ್ ಸ್ಟೈನರ್ ಸ್ವತಃ ನಡೆಸುತ್ತಿದ್ದ ಚಿಕ್ಕ ವಿಮಾನವು ನೆಬ್ರಾಸ್ಕ ಪ್ರಾಂತದ ಹೊಲವೊಂದರಲ್ಲಿ ಬಿತ್ತು. ಪತ್ನಿ ಅಲ್ಲೇ ಮೃತಳಾದಳು; ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಪೆಟ್ಟಾಯಿತು. ದಾರಿಹೋಕರ ಕಾರಿನಲ್ಲಿ ಅವರು ಸೇರಿದ ಗ್ರಾಮಾಂತರದ ಆಸ್ಪತ್ರೆಯಲ್ಲಿ ಇಂಥವರನ್ನು ಯಾವ ಕ್ರಮದಲ್ಲಿ ನೋಡಬೇಕೆಂಬ ಶಿಕ್ಷಣವೇ ಯಾರಿಗೂ ಇರಲಿಲ್ಲ. ಸ್ಟೈನರ್ ಮತ್ತು ಸಂಗಡಿಗರು ರೂಪಿಸಿದ ಪಾಠಕ್ರಮವು 1978ರಲ್ಲಿ ಮೊದಲು ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಅದನ್ನು ಅಂಗೀಕರಿಸಿತು.

ಅದರ ಸಾರವಿಷ್ಟು: ಯಾವುದು ಬೇಗ ಕೊಲ್ಲುವುದೋ ಅದನ್ನೇ ಮೊದಲು ಸರಿಪಡಿಸತಕ್ಕದ್ದು, ರೋಗನಿರ್ಣಯವು ಪೂರ್ಣವಾಗಲೆಂದು ಕಾಯತಕ್ಕದ್ದಲ್ಲ. ಹೊರಗೆ ರಕ್ತವು ಚಿಮ್ಮುತ್ತಿದ್ದರೆ ಅದನ್ನು ಒತ್ತಿ ನಿಲ್ಲಿಸಬೇಕು. ಬಳಿಕ ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ, ಮಿದುಳಿನ ಸ್ಥಿತಿ. ಕೊನೆಗೆ ಬಟ್ಟೆಯನ್ನು ಕತ್ತರಿಸಿ ತೆಗೆದು ಮೈಯೆಲ್ಲವನ್ನೂ ನೋಡಿ, ಒಡನೆಯೇ ಕಂಬಳಿ ಹೊದಿಸುವುದು. ಮೈ ತಣ್ಣಗಾದರೆ ರಕ್ತವು ಸರಿಯಾಗಿ ಹೆಪ್ಪುಗಟ್ಟದು.

ಉಸಿರಾಟದ ಹಂತದಲ್ಲಿ ಒಂದು ವಿಚಿತ್ರವಾದ ಅಪಾಯವುಂಟು. ಪುಪ್ಪುಸದಲ್ಲಾದ ಸೀಳು ಕೆಲವೊಮ್ಮೆ ಸೈಕಲ್ ಟ್ಯೂಬಿನ ವಾಲ್ವಿನಂತೆ ವರ್ತಿಸುತ್ತದೆ. ಪ್ರತಿ ಉಸಿರಿನಲ್ಲಿಯೂ ಎದೆಗೂಡಿನೊಳಗೆ ಗಾಳಿ ನುಗ್ಗುತ್ತದೆ, ಮರಳಿ ಬಾರದು. ಒತ್ತಡವು ಏರಿ ಪುಪ್ಪುಸವು ಕುಗ್ಗುವುದಲ್ಲದೆ, ಹೃದಯಕ್ಕೆ ಹಿಂದಿರುಗುವ ರಕ್ತವೂ ತಡೆಯಲ್ಪಡುತ್ತದೆ. ಎಕ್ಸರೇ ಚಿತ್ರಕ್ಕಾಗಿ ಕಾಯುತ್ತ ಕುಳಿತರೆ ರೋಗಿ ಉಳಿಯನು. ಎದೆಯ ಗೋಡೆಯನ್ನು ಚುಚ್ಚಿ ಗಾಳಿಗೆ ದಾರಿ ಮಾಡಿಕೊಡುವುದೊಂದೇ ಉಪಾಯ.

ಇನ್ನು ರಕ್ತದ ಮಾತು. ಎಪ್ಪತ್ತು ಕಿಲೋಗ್ರಾಂ ತೂಕದವನಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಮುರಿದ ತೊಡೆಯೊಂದರಲ್ಲಿಯೇ ಒಂದು ಲೀಟರಿಗೂ ಮಿಗಿಲಾದ ರಕ್ತವು ಹೊರಗೆ ಕಾಣದೆ ಸೋರಿ ನಿಲ್ಲಬಹುದು. ಆ ತರುಣನ ಕಾಲಿನ ಸರದಿ ಬರುವುದು ಇಲ್ಲಿ. ತರುಣರ ದೇಹವು ಬಲು ಮೋಸದ್ದು. ನಾಳಗಳನ್ನು ಬಿಗಿಮಾಡಿ, ನಾಡಿಯನ್ನು ತ್ವರಿತಗೊಳಿಸಿ, ರಕ್ತದ ಮೂರನೆಯ ಒಂದು ಪಾಲಿನಷ್ಟು ಹೋಗುವವರೆಗೂ ಅದು ರಕ್ತದೊತ್ತಡವನ್ನು ಎತ್ತಿಹಿಡಿದಿರಬಲ್ಲುದು. ಒತ್ತಡವು ಸರಿಯಾಗಿದೆಯೆಂದು ನೆಮ್ಮದಿಪಡುವವನು ತಣ್ಣಗಾದ ಅಂಗೈಯನ್ನೂ ಮುಟ್ಟಿನೋಡಬೇಕು.

ಹೋದ ರಕ್ತವನ್ನು ತುಂಬಲು ಸಿರೆಯೊಳಗೆ ತೂರಿಸುವ ಕೊಳವೆಯು ಗಿಡ್ಡವೂ ದಪ್ಪವೂ ಆಗಿರಬೇಕೆಂದು ನಿಯಮ. ಕಾರಣವು ವಿದ್ಯಾರ್ಥಿಗಳಿಗೆ ತಿಳಿದದ್ದೇ: ಸ್ತರೀಯ ಪ್ರವಾಹದಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಉದ್ದಕ್ಕೆ ವಿಲೋಮವಾಗಿಯೂ ಇರುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಹರಿವು ಹದಿನಾರು ಮಡಿ! ಪರೀಕ್ಷೆಗಾಗಿ ನಾವೆಲ್ಲ ಉರುಹೊಡೆಯುವ ಈ ನಿಯಮವನ್ನು ಕಂಡುಹಿಡಿದ ಪ್ವಾಸೆಯ್ ಸ್ವತಃ ವೈದ್ಯನಾಗಿದ್ದನು, ರಕ್ತದ ಹರಿವನ್ನೇ ಅರಿಯಹೊರಟಿದ್ದನು ಎಂಬುದನ್ನು ಪಠ್ಯಪುಸ್ತಕಗಳು ಏಕೋ ಹೇಳುವುದಿಲ್ಲ. ಉಪ್ಪುನೀರನ್ನೇ ಲೀಟರುಗಟ್ಟಲೆ ತುಂಬಿದರೆ ಹೆಪ್ಪುಗಟ್ಟಿಸುವ ದ್ರವ್ಯಗಳು ತೆಳುವಾಗುವುದರಿಂದ, ಈಗ ಆದಷ್ಟು ಬೇಗ ರಕ್ತವನ್ನೇ ಕೊಡುತ್ತಾರೆ.

ಇಷ್ಟನ್ನೂ ಒಬ್ಬನೇ ಮಾಡಲಾರನು. ಸುವ್ಯವಸ್ಥಿತ ಆಸ್ಪತ್ರೆಯಲ್ಲಿ ಆಂಬುಲೆನ್ಸಿನಿಂದ ಸುದ್ದಿ ಬಂದೊಡನೆ ತಂಡವು ಸೇರುತ್ತದೆ. ಶ್ವಾಸಮಾರ್ಗಕ್ಕೊಬ್ಬ, ಸಿರೆಗಳಿಗೊಬ್ಬ, ಹೊತ್ತನ್ನೂ ಔಷಧವನ್ನೂ ಬರೆದಿಡಲೊಬ್ಬ. ನಾಯಕನು ಸಾಧ್ಯವಾದಷ್ಟೂ ರೋಗಿಯನ್ನು ಮುಟ್ಟದೆ ಮಂಚದ ಕಾಲದೆಸೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ. ಶಬ್ದಾತೀತ ತರಂಗಗಳ ಯಂತ್ರವು ಹೊಟ್ಟೆಯೊಳಗಿನ ರಕ್ತವನ್ನು ಮಂಚದ ಬಳಿಯಲ್ಲಿಯೇ ತೋರಿಸುತ್ತದೆ. ರೋಗಿಯ ಸ್ಥಿತಿ ತೀರ ಹದಗೆಟ್ಟಿದ್ದರೆ ಶಸ್ತ್ರವೈದ್ಯನು ರಕ್ತಸ್ರಾವವನ್ನಷ್ಟೇ ನಿಲ್ಲಿಸಿ, ಉಳಿದ ಕೆಲಸವನ್ನು ಒಂದೆರಡು ದಿನ ಮುಂದಕ್ಕೆ ಹಾಕುತ್ತಾನೆ.

ಕಾಲದ ಬೆಲೆಯನ್ನು ಅಳೆದು ತೋರಿಸಿದ್ದು 2010ರ ಒಂದು ಪ್ರಯೋಗ. ಜಪಾನಿನ ಉಟಾಕೊ ಒಕಾಮೊಟೊ ದಂಪತಿಗಳು 1962ರಲ್ಲಿ ಪ್ರಕಟಿಸಿದ್ದ, ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧವನ್ನು 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳಲ್ಲಿ ಪರೀಕ್ಷಿಸಲಾಯಿತು. ಮರಣವು ನೂರಕ್ಕೆ 16.0ರಿಂದ 14.5ಕ್ಕೆ ಇಳಿಯಿತು. ಆದರೆ ಗಾಯವಾಗಿ ಮೂರು ಗಂಟೆಗಳಾದ ಮೇಲೆ ಕೊಟ್ಟವರಲ್ಲಿ ಅದು ಪ್ರಯೋಜನಕ್ಕೆ ಬದಲು ಅಪಾಯವನ್ನೇ ತೋರಿತು.

ಹೀಗಿರುವಲ್ಲಿ ಆಸ್ಪತ್ರೆಯ ಬಾಗಿಲಿನಾಚೆ ಕಳೆಯುವ ಹೊತ್ತೂ ಚಿಕಿತ್ಸೆಯ ಲೆಕ್ಕಕ್ಕೇ ಸೇರುತ್ತದೆ. ನಮ್ಮ ದೇಶದಲ್ಲಿ ಸ್ಕೂಟರ್ ಸವಾರನೊಬ್ಬನನ್ನು ಪೋಲೀಸು ಪ್ರಕರಣಗಳನ್ನು ನೋಡತಕ್ಕ ಬೇರೆ ಆಸ್ಪತ್ರೆಗೆ ಒಯ್ಯಿರೆಂದು ಸಾಗಹಾಕಿದ್ದರಿಂದ ಅವನು ದಾರಿಯಲ್ಲಿಯೇ ಅಸುನೀಗಿದನು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯನೂ ಮೊದಲು ಪ್ರಾಣವನ್ನು ಉಳಿಸತಕ್ಕದ್ದು, ಪೋಲೀಸರ ಕಾಗದಪತ್ರಗಳು ಆಮೇಲೆ ಎಂದು ವಿಧಿಸಿತು. ಕರ್ನಾಟಕದಲ್ಲಿ 108ರ ಆಂಬುಲೆನ್ಸು 2008ರಿಂದ ಓಡಾಡುತ್ತಿದೆ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವನಿಗೆ ಕಾನೂನಿನ ರಕ್ಷಣೆಯು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೇ ಸೇರಿದೆ.