ಊರಿಗೆ ಬಂದವರ ಉಪಾಹಾರ

"ಊರಿಗೆ ಬಂದವಳು ನೀರಿಗೆ ಬಾರದಿರುವಳೇ?" ಎಂಬುದು ನಮ್ಮ ಹಿರಿಯರ ಗಾದೆ. ಬಾವಿಗಳು ಮುಚ್ಚಿಹೋಗಿ ಮನೆಗಳಿಗೆ ನಲ್ಲಿ ಬಂದಿರುವ ಬೆಂಗಳೂರಿನಲ್ಲಿ ಈ ಗಾದೆಯನ್ನು ಕೊಂಚ ತಿದ್ದಿಕೊಳ್ಳಬೇಕು. ಊರಿಗೆ ಬಂದವರು ಹೋಟೆಲಿಗೆ ಬಾರದಿರುವರೇ? ಕೋರ್ಟು ಕಚೇರಿಗಳ ಕೆಲಸಕ್ಕೆ ಬಂದವರು, ಆಸ್ಪತ್ರೆಯಲ್ಲಿರುವ ನೆಂಟರನ್ನು ಕಾಣಲು ಬಂದವರು, ಉದ್ಯೋಗವನ್ನು ಅರಸಿ ಬಂದವರು, ಸುಮ್ಮನೆ ಊರು ನೋಡಲು ಬಂದವರು, ಎಲ್ಲರಿಗೂ ಹೊತ್ತು ಹೊತ್ತಿಗೆ ಹಸಿವಾಗುತ್ತದೆ. ಅವರಿಗೆ ಬೇಕಾದುದು ವೈಭವದ ಭೋಜನವಲ್ಲ. ಬಿಸಿಯಾದ, ಶುಚಿಯಾದ, ಕೈಗೆಟಕುವ ಬೆಲೆಯ ತಿಂಡಿ. ಅದರ ಬೆನ್ನಿಗೆ ಒಂದು ಲೋಟ ಕಾಫಿ. ಪರಸ್ಥಳದವರು ಊರಿಗೆ ಹಿಂದಿರುಗಿದ ಮೇಲೆ ಬೆಂಗಳೂರಿನ ವಿಷಯವಾಗಿ ಮಾತನಾಡುವಾಗ ವಿಧಾನಸೌಧದಷ್ಟೇ ಆದರದಿಂದ ಯಾವುದಾದರೊಂದು ದೋಸೆಯನ್ನು ನೆನೆಯುವುದನ್ನು ನಾನು ಕೇಳಿದ್ದೇನೆ.

ಇಂತಹ ನೆನಪಿಗೆ ಪಾತ್ರವಾದ ಸ್ಥಳಗಳಲ್ಲಿ ಮಾವಳ್ಳಿ ಟಿಫಿನ್ ರೂಮು ಬಹಳ ಹಳೆಯದು. ದಕ್ಷಿಣ ಕನ್ನಡದ ಕಡಲತೀರದಿಂದ ಬಂದ ಮಯ್ಯ ಸಹೋದರರು ಅದನ್ನು 1924ರಲ್ಲಿ ಆರಂಭಿಸಿದರು. ಆಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಈ ಹೆಸರನ್ನು ಕಂಡು ಇಂದಿನ ವಿದ್ಯಾರ್ಥಿಗಳು ಬೆರಗಾಗಬಹುದು. ಆದರೆ ಆ ಕಾಲದಲ್ಲಿ ಅಂತಹ ಹೆಸರುಗಳು ಊರೂರಿನಲ್ಲಿಯೂ ಇದ್ದವು. ಮನೆಯ ಹೊರಗೆ ಉಣ್ಣುವುದೇ ಮೈಲಿಗೆ ಎಂದು ಭಾವಿಸಿದ್ದ ಜನರಿಗೆ ಅಡಿಗೆ ಮಾಡಿದವರು ಯಾರೆಂಬುದನ್ನು ಬಾಗಿಲಲ್ಲಿಯೇ ತಿಳಿಸಬೇಕಾಗಿತ್ತು. ಅಡಿಗೆ ಮಾಡುವವರದಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತು ಉಣ್ಣುವವರ ಜಾತಿಯೂ ಲೆಕ್ಕಕ್ಕೆ ಬರುತ್ತಿತ್ತು. ಆಗಿನ ಎಷ್ಟೋ ಹೋಟೆಲುಗಳಲ್ಲಿ ಒಂದು ವರ್ಗದವರಿಗೆ ಒಳಗಿನ ಕೊಠಡಿ, ಉಳಿದವರಿಗೆ ಹೊರಗಿನ ಹಜಾರ. ಇನ್ನು ಕೆಲವರಿಗೆ ಹಜಾರವೂ ಇಲ್ಲ.

ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ಕಣ್ಣಾರೆ ಕಂಡು ಬಂದರು. ಕ್ಲಬ್ಬಿನ ಹೆಸರು ಬದಲಾಯಿತು; 1960ರಲ್ಲಿ ಅದು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಿತು. ಬಂದವರು ಅಡಿಗೆಮನೆಯನ್ನು ಕಣ್ಣಿಂದ ನೋಡಬಹುದಾಗಿತ್ತು. ಯಾರು ಬೇಯಿಸಿದರು ಎಂಬುದಕ್ಕಿಂತ ಹೇಗೆ ಬೇಯಿಸಿದರು ಎಂಬುದು ಮುಖ್ಯವೆಂಬ ತಿಳಿವಳಿಕೆ ಹೀಗೆ ಮೆಲ್ಲಮೆಲ್ಲನೆ ಬೇರೂರಿತು. ರವೆ ಇಡ್ಲಿಯ ಕಥೆಯೂ ಇಲ್ಲಿಯದೇ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಗೋಧಿಯ ರವೆಗೆ ಮೊಸರು ಬೆರೆಸಿ, ಸಾಸಿವೆ ಗೋಡಂಬಿಗಳ ಒಗ್ಗರಣೆ ಕೊಟ್ಟು, ಹಬೆಯಲ್ಲಿ ಬೇಯಿಸಿದ ತಿಂಡಿ ಆ ಕಷ್ಟದ ದಿನಗಳಲ್ಲಿ ತಮ್ಮಲ್ಲಿ ಹುಟ್ಟಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಯುದ್ಧ ಮುಗಿಯಿತು, ಅಕ್ಕಿ ಬಂದಿತು, ರವೆ ಇಡ್ಲಿ ಮಾತ್ರ ಹೋಗಲಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಸುತ್ತಮುತ್ತಲಿನ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗೆಂದು ತೆರೆದುದರಿಂದ ಆ ಹೆಸರು. ಅಲ್ಲಿಯ ಮಸಾಲೆ ದೋಸೆಯನ್ನು ವರ್ಣಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ತೋಳಿನ ಮೇಲೆ ಹತ್ತು ಹನ್ನೆರಡು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಒಂದನ್ನೂ ಜಾರಿಸದೆ ಮೇಜುಗಳ ನಡುವೆ ನುಸುಳಿ ಬರುವ ಮಾಣಿಯನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬೇಕು. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ.

ಕಾಫಿ ಹೌಸಿನದು ಬೇರೆಯೇ ಕಥೆ. ಕಾಫಿ ಮಂಡಳಿಯು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸಗಾರರು ಬೀದಿಗೆ ಬೀಳುವಂತಾಯಿತು. ಕಾರ್ಮಿಕ ಮುಖಂಡರಾದ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಅವರು ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ರುಮಾಲು ಸುತ್ತಿ ಬಿಳಿಯ ಉಡುಪು ತೊಟ್ಟು ಕಾಫಿ ತಂದುಕೊಡುತ್ತಿದ್ದ ನೌಕರನೇ ಆ ಹೋಟೆಲಿನ ಒಡೆಯರಲ್ಲಿ ಒಬ್ಬ! ಮಹಾತ್ಮ ಗಾಂಧಿ ರಸ್ತೆಯಲ್ಲಿ ಬಹುಕಾಲ ಇದ್ದ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು.

ಇವೆಲ್ಲವೂ ಕುಳಿತು ತಿನ್ನುವ ಜಾಗಗಳು. ನಿಂತು ತಿನ್ನುವ ಪದ್ಧತಿಯನ್ನು ಬೆಂಗಳೂರಿಗೆ ಕಲಿಸಿದುದು ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಎಂಬುದನ್ನು ತೆರೆದರು. ಅದರ ಹೆಸರು ಇಂದು ಒಂದು ಹೋಟೆಲಿನ ಹೆಸರಾಗಿ ಉಳಿದಿಲ್ಲ. ಇಡೀ ಒಂದು ಜಾತಿಯ ಹೋಟೆಲುಗಳಿಗೆ ಸಂದುಹೋಗಿದೆ. ಅದರ ಕ್ರಮ ಸರಳವಾದುದು. ಮೊದಲು ಗಲ್ಲಾದಲ್ಲಿ ಹಣ ಕೊಟ್ಟು ಚೀಟಿ ಪಡೆಯಬೇಕು. ಚೀಟಿಯನ್ನು ಅಡಿಗೆಯವರ ಮುಂದಿರುವ ಕಟ್ಟೆಯ ಮೇಲಿಟ್ಟರೆ ತಟ್ಟೆ ಬರುತ್ತದೆ. ಎದೆಯೆತ್ತರದ ಮೇಜಿನ ಬಳಿ ನಿಂತು ತಿಂದು, ತಟ್ಟೆಯನ್ನು ತೊಟ್ಟಿಗೆ ಹಾಕಿ ಹೊರಡಬೇಕು. ಅಡಿಗೆಮನೆ ಕಣ್ಣೆದುರಿಗೇ ಇರುತ್ತದೆ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಸರ್ರನೆ ಸವರಿ, ಹಿಟ್ಟು ಹುಯ್ಯುವುದನ್ನು ನೋಡುತ್ತ ನಿಂತರೆ ಕಾಯುವ ಹೊತ್ತು ತಿಳಿಯುವುದಿಲ್ಲ. ಕುರ್ಚಿಯಿಲ್ಲ, ಮಾಣಿಯಿಲ್ಲ, ಆದ್ದರಿಂದ ಸ್ಥಳವೂ ಖರ್ಚೂ ಕಡಿಮೆ, ಬೆಲೆಯೂ ಕಡಿಮೆ. ಮಂಡಿನೋವಿನ ಮುದುಕರಿಗೆ ಇದು ಒಗ್ಗುವುದಿಲ್ಲವೆಂಬ ದೂರು ನ್ಯಾಯವಾದುದೇ. ಆದರೆ ಕುಳಿತುಕೊಳ್ಳುವ ಜಾಗವೇ ಇಲ್ಲದಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆಯೂ ಏಳದು.

ಈ ಮಾತು ನನಗೆ ಹೊಳೆದುದು ಪುಸ್ತಕದಿಂದಲ್ಲ, ಕಾಮಾಕ್ಷಿಪಾಳ್ಯದಲ್ಲಿ.

ಮಾಗಡಿ ರಸ್ತೆಯ ಮೇಲಿರುವ ಕಾಮಾಕ್ಷಿಪಾಳ್ಯವನ್ನು ನೋಡಲೆಂದು ಪ್ರವಾಸಿಗಳು ಬರುವುದಿಲ್ಲ. ಅಲ್ಲಿರುವುವು ಲೇತು ಯಂತ್ರದ ಕಾರ್ಖಾನೆಗಳು, ಲೋಹಕ್ಕೆ ಲೇಪ ಕೊಡುವ ಷೆಡ್ಡುಗಳು, ಬಟ್ಟೆ ಹೊಲಿಯುವ ಘಟಕಗಳು. ಬೆಳಗಿನ ಪಾಳಿಗೆ ಹೋಗುವವರೂ ರಾತ್ರಿಯ ಪಾಳಿ ಮುಗಿಸಿ ಬಂದವರೂ ಒಂದೇ ಹೊತ್ತಿಗೆ ಹೋಟೆಲಿನ ಮುಂದೆ ಸೇರುತ್ತಾರೆ. ಒಬ್ಬರ ಕೈಗೆ ಎಣ್ಣೆಯ ಮಸಿ, ಇನ್ನೊಬ್ಬರ ಹಣೆಯಲ್ಲಿ ಹಸಿಯ ವಿಭೂತಿ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿ ಕೊಡುವ "ಬೈಟು" ಪದ್ಧತಿ ಬೆಂಗಳೂರಿನ ವಿಶೇಷ. ಕಾಸಿನ ಉಳಿತಾಯಕ್ಕಿಂತ ಹೆಚ್ಚಾಗಿ ಅದು ಸ್ನೇಹದ ಗುರುತು. ಬೈಟು ಕುಡಿಯಲು ಇಬ್ಬರು ಬೇಕಲ್ಲವೇ?

1994ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಮಾಗಡಿಯ ಆಚೆಯ ಹಳ್ಳಿಯಿಂದ ನಮ್ಮ ತಾಯಿಯ ತಂದೆ ಕಣ್ಣಿನ ಪರೀಕ್ಷೆಗೆಂದು ಬಂದಿದ್ದರು. ಬೆಳಿಗ್ಗೆ ಅವರನ್ನು ಹತ್ತಿರದ ಒಂದು ದರ್ಶಿನಿಗೆ ಕರೆದುಕೊಂಡು ಹೋದೆ. ಬಾಗಿಲ ಬಳಿ ಅವರು ನಿಂತುಬಿಟ್ಟರು.

"ಒಳಕ್ಕೆ ಹೋಗಬಹುದೇನಪ್ಪ?" ಎಂದರು.

"ಬನ್ನಿ ತಾತ, ಎಲ್ಲರೂ ಹೋಗುತ್ತಾರೆ" ಎಂದೆ. ಚಪ್ಪಲಿಯ ವಿಷಯವಾಗಿ ಕೇಳುತ್ತಿದ್ದಾರೆಂದು ನಾನು ತಿಳಿದಿದ್ದೆ.

ಇಡ್ಲಿ ತಿಂದರು, ಕಾಫಿ ಕುಡಿದರು. ಅನಂತರ ಲೋಟವನ್ನು ಹಿಡಿದುಕೊಂಡು ಅತ್ತಿತ್ತ ನೋಡಿ, ಕುಡಿಯುವ ನೀರಿನ ನಲ್ಲಿಯ ಬಳಿಗೆ ಹೋಗಿ, ಬೆರಳಿನಿಂದ ತಿಕ್ಕಿ ತೊಳೆದು, ಗೋಡೆಯಂಚಿನಲ್ಲಿ ಬೋರಲು ಹಾಕಿದರು. ತಟ್ಟೆ ಲೋಟಗಳ ತೊಟ್ಟಿಯ ಬಳಿ ನಿಂತಿದ್ದ ಹುಡುಗ ಓಡಿ ಬಂದು, "ನೀವು ತೊಳೀಬೇಡಿ ತಾತ, ತೊಟ್ಟಿಗೆ ಹಾಕಿ. ತೊಳೆಯೋದು ನನ್ನ ಕೆಲಸ" ಎಂದನು. ತಾತ ಏನೂ ಹೇಳಲಿಲ್ಲ. ನನಗೆ ಮಾತ್ರ ನಾಚಿಕೆಯಾಯಿತು. ಹಳ್ಳಿಯವರಿಗೆ ಹೋಟೆಲಿನ ರೀತಿ ತಿಳಿಯದೆಂದು ಮನೆಗೆ ಬಂದು ತಾಯಿಯ ಮುಂದೆ ನಕ್ಕೆ. ತಾಯಿ ನಗಲಿಲ್ಲ.

"ನಮ್ಮೂರ ಟೀ ಅಂಗಡಿಯಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ. ಅದನ್ನು ಸೂರಿನ ಕೆಳಗೆ ಸಿಕ್ಕಿಸಿರುತ್ತಿದ್ದರು. ಹೊರಗೇ ನಿಂತು ಕುಡಿದು, ತೊಳೆದು, ಬೋರಲು ಹಾಕಿ ಬರಬೇಕು. ನಿಮ್ಮ ತಾತನ ಕೈಗೆ ಅದೇ ಅಭ್ಯಾಸವಾಗಿ ಹೋಗಿದೆ" ಎಂದಳು.

ಮೇಲಿನ ತರಗತಿಗೆ ಹೋದಾಗ ನಮ್ಮ ಸಂವಿಧಾನದ 15ನೆಯ ವಿಧಿಯನ್ನು ಓದಿದೆನು. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕೆ ಅಡ್ಡಿ ಮಾಡಕೂಡದೆಂದು ಅದು ವಿಧಿಸುತ್ತದೆ. ದೇಶದ ಮೂಲಶಾಸನವನ್ನು ರಚಿಸುವಾಗ ಹಿರಿಯರು ಹೋಟೆಲನ್ನು ಹೆಸರಿಸಿ ಬರೆಯಬೇಕಾಯಿತೆಂದರೆ ಆ ಬಾಗಿಲು ಎಷ್ಟು ಮಂದಿಗೆ ಮುಚ್ಚಿದ್ದಿರಬೇಕು! ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದಿತು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ 1955ರಲ್ಲಿ ಬಂದಿತು. ಆದರೂ 1994ರಲ್ಲಿ ನಮ್ಮ ತಾತನ ಕೈ ಲೋಟವನ್ನು ತೊಳೆಯುತ್ತಲೇ ಇತ್ತು.

ಆ ಹುಡುಗನ ಮಾತನ್ನೂ ಇಲ್ಲಿ ಹೇಳಬೇಕು. ಅವನು ನನಗಿಂತ ಒಂದೆರಡು ವರ್ಷ ಚಿಕ್ಕವನು. ನಾನು ಶಾಲೆಯ ಚೀಲ ಹೊತ್ತು ಆ ದಾರಿಯಲ್ಲಿ ಹೋಗುವಾಗ ಅವನು ಸೋಪಿನ ನೀರಿನಲ್ಲಿ ಮೊಣಕೈವರೆಗೆ ಮುಳುಗಿರುತ್ತಿದ್ದನು. ನಾಡಿನ ಹೋಟೆಲುಗಳಲ್ಲಿ ಬಹುಕಾಲ ಮೇಜು ಒರಸಿದವರು, ಲೋಟ ತೊಳೆದವರು ಇಂತಹ ಮಕ್ಕಳೇ. ಊರು ಬಿಟ್ಟು ಬಂದ ಅವರು ಹೋಟೆಲಿನಲ್ಲಿಯೇ ಉಂಡು, ಮುಚ್ಚಿದ ಮೇಲೆ ಅಲ್ಲಿಯೇ ಮಲಗುತ್ತಿದ್ದರು. ನಮ್ಮ ತಿಂಡಿಯ ಅಗ್ಗದ ಬೆಲೆಯಲ್ಲಿ ಅವರ ಶಾಲೆಯ ದಿನಗಳೂ ಸೇರಿದ್ದವು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾ, ಚಹದ ಅಂಗಡಿಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಸರಕಾರವು ನಿಷೇಧಿಸಿತು. ಅಷ್ಟು ಹೊತ್ತಿಗೆ ಅವನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು.

ಅಂದಿನಿಂದ ಕಾಮಾಕ್ಷಿಪಾಳ್ಯದ ಆಸುಪಾಸು ಬಹಳ ಬದಲಾಗಿದೆ. 2015ರಲ್ಲಿ ಮಾಗಡಿ ರಸ್ತೆಗೆ ಮೆಟ್ರೊ ರೈಲು ಬಂದಿತು. 2017ರ ಆಗಸ್ಟ್‌ನಲ್ಲಿ ನಗರದಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ನಿಗದಿಯಾಗಿತ್ತು. ಮುದ್ದೆ ಸಾರಿನ ಮಿಲಿಟರಿ ಹೋಟೆಲು, ಜೋಳದ ರೊಟ್ಟಿಯ ಖಾನಾವಳಿ ನಗರಕ್ಕೆ ಹೊಸತಲ್ಲ. ಅವುಗಳ ನಡುವೆ ದೂರದ ರಾಜ್ಯಗಳಿಂದ ಬಂದ ಕೆಲಸಗಾರರಿಗೆ ಅವರವರ ನಾಡಿನ ತಿನಿಸೂ ಈಗ ಸಿಕ್ಕುತ್ತದೆ. ದೋಸೆಯ ಕಾವಲಿಯ ಮುಂದೆ ಚೀಟಿ ಹಿಡಿದು ನಿಲ್ಲುವವರಲ್ಲಿ ಯಾವ ಊರಿನವರು ಯಾರೆಂದು ಹೇಳುವುದು ಕಷ್ಟ.

ತಾತ ಊರಿಗೆ ಹಿಂದಿರುಗುವ ದಿನ ಬೆಳಿಗ್ಗೆ ಅವರೇ ನನ್ನನ್ನು ಎಬ್ಬಿಸಿದರು. "ಆ ಹೋಟೆಲಿಗೆ ಹೋಗೋಣ ನಡಿ" ಎಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಗಲ್ಲಾದ ಮುಂದೆ ನಿಂತು, ಸೊಂಟದ ಚೀಲದಿಂದ ತಾವೇ ಕಾಸು ತೆಗೆದು, "ಒಂದು ಬೈಟು ಕೊಡಿ ಸ್ವಾಮಿ" ಎಂದರು. ಒಂದು ಲೋಟವನ್ನು ನನಗೆ ಕೊಟ್ಟು ಇನ್ನೊಂದನ್ನು ಊದಿ ಊದಿ ನಿಧಾನವಾಗಿ ಕುಡಿದರು. ಕುಡಿದಾದ ಮೇಲೆ ನಲ್ಲಿಯ ಕಡೆಗೊಮ್ಮೆ ನೋಡಿ, ತೊಟ್ಟಿಯ ಬಳಿಗೆ ಹೋಗಿ ಲೋಟವನ್ನು ಅದರೊಳಗೆ ಬಿಟ್ಟರು. ಅಲ್ಲಿ ಆಗಲೇ ಐವತ್ತು ಅರವತ್ತು ಲೋಟಗಳು ನೀರಿನಲ್ಲಿ ಬಿದ್ದಿದ್ದವು. ಯಾವುದು ತಮ್ಮದೆಂದು ಗುರುತಿಸಲು ನೋಡುವವರಂತೆ ತಾತ ಒಂದು ಗಳಿಗೆ ಬಗ್ಗಿ ನಿಂತರು. ಅಷ್ಟರಲ್ಲಿ ಹುಡುಗ ಇನ್ನೂ ಹತ್ತು ಲೋಟಗಳನ್ನು ತಂದು ಸುರಿದನು. ಮಾಗಡಿಯ ಬಸ್ಸಿಗೆ ಹೊತ್ತಾಗಿತ್ತು, ನಾವು ಹೊರಟೆವು.