ಮಳೆಗಾಲದ ತಲೆಗೂದಲು: ಮಾಡಬೇಕಾದ್ದು, ಮಾಡಬಾರದ್ದು

ಶಿಕಾರಿಪುರ, ಸೊರಬದ ತಾಯಂದಿರು, ಹೆಣ್ಣುಮಕ್ಕಳ ಗಮನಕ್ಕೆ.

ಉದುರಿದ ಒಂದು ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತುದಿಯಿಂದ ಬುಡದ ಕಡೆಗೆ ಸವರಿ ನೋಡಿ. ತರಿತರಿಯಾಗಿ ಹತ್ತುತ್ತದೆ. ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು ಕೂತ ಪದರ ಅದು. ಬಿಸಿ, ತಿಕ್ಕಾಟ, ಬಣ್ಣ ತಾಗಿ ಆ ಹಂಚು ಎದ್ದರೆ ಆಷಾಢದ ಥಂಡಿ ಗಾಳಿಯ ತೇವ ಒಳಗೆ ಹೊಕ್ಕು ಕೂದಲು ಉಬ್ಬಿ ಕೆದರುತ್ತದೆ.

ಕೂದಲು ಮೊದಲಿನಂತಿಲ್ಲ ಎಂದು ಕೊರಗಬೇಡಿ. ಮೈನೆರೆದಾಗ, ಹೆರಿಗೆಯಾದಾಗ, ಮುಟ್ಟು ನಿಲ್ಲುವಾಗ ಹಾರ್ಮೋನು ಬದಲಾಗಿ ನೆಟ್ಟಗಿದ್ದದ್ದು ಗುಂಗುರಾಗಬಹುದು, ಗುಂಗುರು ಸಡಿಲವಾಗಬಹುದು. ವಯಸ್ಸಾದಂತೆ ನೆತ್ತಿಯ ಜಿಡ್ಡು ಇಳಿದು ಕೂದಲು ಒರಟಾಗುತ್ತದೆ.

ಮಾಡಬಾರದ್ದು

ಒದ್ದೆ ತಲೆಗೆ ಸಣ್ಣ ಹಲ್ಲಿನ ಹಣಿಗೆ ಹಾಕಿ ಜಗ್ಗಬೇಡಿ. ಟವೆಲಿನಲ್ಲಿ ಗಸಗಸ ತಿಕ್ಕಬೇಡಿ. ಮದುವೆ ಹತ್ತಿರ ಬಂತೆಂದು ಪಾರ್ಲರಿಗೆ ಓಡಿ ಕೂದಲು ನೆಟ್ಟಗೆ ಮಾಡಿಸಿಕೊಳ್ಳಬೇಡಿ. ಅದಕ್ಕೆ ಹಚ್ಚುವ ಕೆಲವು ಕ್ರೀಮುಗಳು ಕಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಣ್ಣು, ಗಂಟಲು ಉರಿಯುತ್ತವೆ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಅದು ಇದೆ. ಇಷ್ಟೆಲ್ಲ ಮಾಡಿಸಿದರೂ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬುಡದಿಂದ ಬರುವ ಹೊಸ ಕೂದಲು ನಿಮ್ಮದೇ ಗುಣದ್ದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರೇಣುಕೆ, ಎಲ್ಲಮ್ಮನಿಗೆ ನಡೆದುಕೊಳ್ಳುವ ಕೆಲವು ಮನೆಗಳಲ್ಲಿ ಹುಡುಗಿಯ ಕೂದಲು ಜಡೆಗಟ್ಟಿದರೆ ದೇವಿ ಕರೆದಳು ಅನ್ನುತ್ತಾರೆ. ಚಂದ್ರಗುತ್ತಿಯ ತಾಯಿ ರೇಣುಕೆಯ ಮೇಲೆ ನನಗೂ ಭಕ್ತಿಯಿದೆ. ಆದರೆ ಬಾಚದ ಗುಂಗುರು ಕೂದಲು ಬೆವರು, ಜಿಡ್ಡು, ಧೂಳು ಸೇರಿ ಸಿಕ್ಕಾಗಿ ಗಂಟು ಬೀಳುವುದು ಸಹಜ. ಎಣ್ಣೆ ಹಚ್ಚಿ ಬಿಡಿಸಿ, ಬಿಡದಿದ್ದರೆ ಕತ್ತರಿಸಿ. ಆ ನೆಪದಲ್ಲಿ ಮಗುವನ್ನು ದೇವರಿಗೆ ಬಿಡುವುದು ದೇವದಾಸಿ ನಿಷೇಧ ಕಾನೂನಿನಂತೆ ಅಪರಾಧ.

ಮಾಡಬೇಕಾದ್ದು

ತಲೆಸ್ನಾನದ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಅದು ಕೂದಲಿನ ಒಳಕ್ಕೆ ಇಳಿದು ತೊಳೆಯುವಾಗ ಆಗುವ ಸವೆತ ತಡೆಯುತ್ತದೆ. ಸೀಗೆಪುಡಿಯ ಜೊತೆ ದಾಸವಾಳ ಸೊಪ್ಪಿನ ಲೋಳೆ ಹಾಕಿದರೆ ಕೂದಲು ಜಾರುತ್ತದೆ, ಸಿಕ್ಕು ಸಲೀಸಾಗಿ ಬಿಡುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊನೆಯ ಎರಡು ಚೊಂಬು ಮಳೆನೀರು ಹುಯ್ದುಕೊಳ್ಳಿ. ಮೊದಲ ಮಳೆಯದು ಬೇಡ. ಹಳೇ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಹಣಿಗೆಯಿಂದ ತುದಿ ಮೊದಲು, ಬುಡ ಆಮೇಲೆ.

ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರಿದರೆ ತಾಳಿ, ಹೆಚ್ಚಿನವರಿಗೆ ವರ್ಷದೊಳಗೆ ಮರಳುತ್ತದೆ. ಆದರೆ ಕೂದಲು ಏಕಾಏಕಿ ಒರಟಾಗಿ ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ತೂಕ ಏರುವುದು ಇದ್ದರೆ ಎಣ್ಣೆ ಬದಲಿಸುತ್ತ ಕೂರಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಬೇಕೇ ಎಂದು ಕೇಳಿ.